ಮಿನಿವ್ಯಾನಿನ ಮೇಲೆ ಟೆಂಟ್ ಕೂರಿಸುವುದು: ಮೊದಲು ತೂಕದ ಲೆಕ್ಕ, ಆಮೇಲೆ ಪಾನಾ

ರೂಫ್‌ಟಾಪ್ ಟೆಂಟ್, ಅಂದರೆ ಗಾಡಿಯ ರೂಫಿನ ಮೇಲೆ ಬಿಗಿದು, ತಂಗುವಲ್ಲಿ ಬಿಚ್ಚಿ ಮಲಗುವ ಟೆಂಟ್ ಅಂದ ಕೂಡಲೇ ಕಣ್ಣಿಗೆ ಬರುವುದು ದೊಡ್ಡ ಚಕ್ರದ ಜೀಪು, ಎಸ್‌ಯುವಿ. ಮನೆಮಂದಿಯನ್ನೆಲ್ಲ ಹೊತ್ತು ತಿರುಗುವ ಮಿನಿವ್ಯಾನಿನ ಮೇಲೆ ಅದು ಕೂರುತ್ತದಾ? ಕೂರುತ್ತದೆ. ವ್ಯಾನಿನ ರೂಫ್ ಉದ್ದವಾಗಿದೆ, ಸಾಕಷ್ಟು ಚಪ್ಪಟೆಯಾಗಿದೆ. ಹಿಂದಿನ ಸೀಟು ಮಡಚಿದರೆ ಗಾಡಿಯ ಒಳಗೂ ಇಬ್ಬರು ಮಲಗಬಹುದು. ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಮಕ್ಕಳಿರುವ ಮನೆಗೆ ಇದು ತುಂಬಾ ಅನುಕೂಲ.

ಆದರೆ ವ್ಯಾನಿಗೆ ಅದರದ್ದೇ ತೊಡಕುಗಳಿವೆ. ರೂಫ್ ಹೊರುವ ತೂಕ ಕಡಿಮೆ. ಪಕ್ಕದ ಬಾಗಿಲು ಜಾರಿಕೊಂಡು ಹಿಂದಕ್ಕೆ ಹೋಗುತ್ತದೆ. ಹಿಂಬಾಗಿಲು ಮೇಲಕ್ಕೆ ಏಳುತ್ತದೆ. ಈ ಮೂರನ್ನೂ ನೋಡದೆ ಟೆಂಟ್ ತಂದರೆ ಕಷ್ಟ. ನಾನು ಮೊದಲ ಸಲ ಹಾಗೇ ಮಾಡಿದೆ. ಟೆಂಟ್ ನೋಡಿದೆ, ಇಷ್ಟವಾಯಿತು, ತಂದೆ. ಆಮೇಲೆ ಗಾಡಿಯ ಮ್ಯಾನುಯಲ್ ತೆಗೆದು ನೋಡಿದರೆ ರೂಫ್ ಹೊರಬಹುದಾದ ತೂಕಕ್ಕಿಂತ ಟೆಂಟೇ 9 ಕೆಜಿ ಜಾಸ್ತಿ ಇತ್ತು. ಅದನ್ನು ವಾಪಸ್ ಕೊಟ್ಟು ಹಗುರವಾದದ್ದು ತರುವ ಹೊತ್ತಿಗೆ ಮಕ್ಕಳ ರಜೆಯೇ ಮುಗಿದಿತ್ತು. ಅದಕ್ಕೇ ಹೇಳುತ್ತಿದ್ದೇನೆ: ಮೊದಲು ರೂಫ್ ಎಷ್ಟು ಹೊರುತ್ತದೆ ಅಂತ ತಿಳಿದುಕೊಳ್ಳಿ, ಟೆಂಟ್ ಆಮೇಲೆ ಹುಡುಕಿ.

ತೂಕದ ಲೆಕ್ಕ

ಗಾಡಿಯ ಮ್ಯಾನುಯಲ್‌ನಲ್ಲಿ ರೂಫ್ ಲೋಡ್ ಅಂತ ಒಂದು ಅಂಕಿ ಇರುತ್ತದೆ. ಗಾಡಿ ಓಡುವಾಗ ರೂಫಿನ ಮೇಲೆ ಎಷ್ಟು ತೂಕ ಇಡಬಹುದು ಅನ್ನುವ ಮಿತಿ ಅದು. ಹಲವು ಮಿನಿವ್ಯಾನ್‌ಗಳಲ್ಲಿ ಇದು 75 ಕೆಜಿ ಆಸುಪಾಸಿನಲ್ಲಿದೆ. ಕೆಲವದರಲ್ಲಿ ಇನ್ನೂ ಕಡಿಮೆ. ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷಕ್ಕೆ ಸರಿಯಾದ ಅಂಕಿಯನ್ನೇ ನೋಡಿ, ಯಾಕೆಂದರೆ ಒಂದೇ ಹೆಸರಿನ ಗಾಡಿಯಲ್ಲೂ ಹೊಸ ಅವತರಣಿಕೆ ಬಂದಾಗ ಇದು ಬದಲಾಗಬಹುದು.

ಇದೊಂದೇ ಅಲ್ಲ. ಉದ್ದಕ್ಕೆ ಹಾಕಿರುವ ರೇಲ್‌ಗೆ ಒಂದು ಮಿತಿ, ಅಡ್ಡಕ್ಕೆ ಕೂರಿಸುವ ಕ್ರಾಸ್‌ಬಾರ್‌ಗೆ ಇನ್ನೊಂದು ಮಿತಿ ಇರುತ್ತದೆ. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಲೆಕ್ಕ. ಬಾರ್ 100 ಕೆಜಿ ಹೊರುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೂ ರೂಫ್ 75 ಅಂದರೆ 75 ಮಾತ್ರ. ಗಾಡಿಯ ಜೊತೆಗೇ ಬಂದ ಕ್ರಾಸ್‌ಬಾರ್‌ಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಎಷ್ಟೋ ವ್ಯಾನ್‌ಗಳಲ್ಲಿ ಅವು ಲಗೇಜು ಕಟ್ಟಲಿಕ್ಕೆ ಮಾಡಿದ ತೆಳು ಬಾರ್‌ಗಳು. ಟೆಂಟಿಗೆ ಆಗುತ್ತದೆ ಅಂತ ಬರೆದುಕೊಟ್ಟಿರದಿದ್ದರೆ ಬೇರೆ ಬಾರ್ ಹಾಕಿಸುವುದೇ ಒಳ್ಳೆಯದು.

ಈಗ ಒಂದು ಲೆಕ್ಕ ಹಾಕೋಣ. ರೂಫ್ ಮಿತಿ 75 ಕೆಜಿ. ಎರಡು ಕ್ರಾಸ್‌ಬಾರ್ ಮತ್ತು ಅವುಗಳ ಕಾಲು ಸೇರಿ 6 ಕೆಜಿ. ಟೆಂಟ್ 58. ಏಣಿ ಮತ್ತು ಬಿಗಿಯುವ ಸಾಮಾನು 7. ಒಟ್ಟು 71 ಆಯಿತು. ಉಳಿದದ್ದು ಬರೀ 4 ಕೆಜಿ. ಹಾಗಾಗಿ ಹಾಸಿಗೆ, ಕಂಬಳಿ, ದಿಂಬು ಎಲ್ಲ ಗಾಡಿಯ ಒಳಗೇ ಬರಬೇಕು. ಅವನ್ನು ಟೆಂಟಿನೊಳಗೆ ತುರುಕಿ ಮುಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಇನ್ನೊಂದು ಮಾತು, ಕೆಲವು ಟೆಂಟ್‌ಗಳ ವಿವರದಲ್ಲಿ ಏಣಿಯ ತೂಕ ಸೇರಿಸಿರುವುದೇ ಇಲ್ಲ. ಕೇಳಿ ತಿಳಿದುಕೊಳ್ಳಿ. ಮಾರುಕಟ್ಟೆಯಲ್ಲಿ ಸಿಗುವ ಟೆಂಟ್‌ಗಳು ಸುಮಾರು 45ರಿಂದ 90 ಕೆಜಿವರೆಗೆ ತೂಗುತ್ತವೆ. ಗಟ್ಟಿ ಚಿಪ್ಪಿನವು ಸಾಮಾನ್ಯವಾಗಿ ಭಾರ, ಬಟ್ಟೆ ಹೊದಿಕೆಯ ಇಬ್ಬರ ಟೆಂಟ್‌ಗಳು ಹಗುರ. ಅಂದರೆ ಮಾರುಕಟ್ಟೆಯ ಅರ್ಧದಷ್ಟು ಟೆಂಟುಗಳನ್ನು ವ್ಯಾನಿನವರು ನೋಡುವುದೇ ಬೇಡ.

ಹಾಗಾದರೆ 75 ಕೆಜಿ ಮಿತಿಯ ರೂಫಿನ ಮೇಲೆ ಮನುಷ್ಯರು ಮಲಗುವುದು ಹೇಗೆ? ಇಲ್ಲೇ ಎಲ್ಲರಿಗೂ ಗೊಂದಲ. ಗಾಡಿ ಓಡುವಾಗ ಬ್ರೇಕ್ ಹಾಕುತ್ತೇವೆ, ತಿರುಗಿಸುತ್ತೇವೆ, ಗುಂಡಿಗೆ ಇಳಿಸುತ್ತೇವೆ. ಆಗೆಲ್ಲ ಮೇಲಿನ ತೂಕ ಮುಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಎಳೆಯುತ್ತದೆ. ಗಾಳಿ ಬೇರೆ ಕೆಳಗೆ ನುಗ್ಗಿ ಎತ್ತುತ್ತದೆ. ನಿಂತ ಗಾಡಿಯಲ್ಲಿ ಹಾಗಿಲ್ಲ. ತೂಕ ನೇರ ಕೆಳಕ್ಕೆ, ರೂಫನ್ನು ಹೊತ್ತ ಗಾಡಿಯ ಕಂಬಗಳ ಮೇಲೆ ಇಳಿಯುತ್ತದೆ. ಅದಕ್ಕೇ ನಿಂತಾಗಿನ ಮಿತಿ ಓಡುವಾಗಿನ ಮಿತಿಗಿಂತ ತುಂಬಾ ಜಾಸ್ತಿ. ಮೂರರಿಂದ ಐದು ಪಟ್ಟು ಅನ್ನುವ ಅಂದಾಜು ಈ ವಲಯದಲ್ಲಿ ಚಾಲ್ತಿಯಲ್ಲಿದೆ. ಆದರೆ ಗಾಡಿ ಮಾಡುವ ಎಷ್ಟೋ ಕಂಪನಿಗಳು ಇದನ್ನು ಬರೆದು ಕೊಡುವುದಿಲ್ಲ. ಕೆಲವು ಮ್ಯಾನುಯಲ್‌ಗಳು ರೂಫ್ ಟೆಂಟ್ ಬೇಡ ಅಂತಲೇ ಹೇಳುತ್ತವೆ. ಹಾಗೆ ಬರೆದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಬರೆದಿಲ್ಲದಿದ್ದರೆ ಗಾಡಿಯ ಕಂಪನಿಗೂ ಬಾರ್ ಮಾಡಿದವರಿಗೂ ಬರೆದು ಕೇಳಿ. ಬಾರ್ ಮಾಡುವ ಹಲವರು ನಿಂತಾಗಿನ ಮಿತಿಯನ್ನು ಬೇರೆಯಾಗಿ ಕೊಡುತ್ತಾರೆ.

ನಾನು ಯಾವಾಗಲೂ ಕಡಿಮೆಯ ಕಡೆಗೇ, ಅಂದರೆ ಮೂರು ಪಟ್ಟಿಗೇ, ಲೆಕ್ಕ ಹಾಕುತ್ತೇನೆ. 75ರ ಮೂರು ಪಟ್ಟು 225. ಮೇಲಿರುವ ಸಾಮಾನು 71, ಹಾಸಿಗೆ 6, ದೊಡ್ಡವರಿಬ್ಬರು 140. ಒಟ್ಟು 217. ಆಗಬಹುದು. ಜೊತೆಗೆ 25 ಕೆಜಿಯ ಮಗುವನ್ನೂ ಮೇಲೆ ಕರೆದುಕೊಂಡರೆ 242. ಆಗುವುದಿಲ್ಲ. ಅದೇ ದೊಡ್ಡವರೊಬ್ಬರು, ಮಕ್ಕಳಿಬ್ಬರು ಅಂದರೆ 200ರ ಒಳಗೇ ಮುಗಿಯುತ್ತದೆ. ಉಳಿದವರು ಕೆಳಗೆ ವ್ಯಾನಿನಲ್ಲಿ ಆರಾಮಾಗಿ ಮಲಗುತ್ತಾರೆ. ಎಲ್ಲರೂ ಮೇಲೇ ಮಲಗಬೇಕು ಅನ್ನುವ ಹಟವನ್ನು ಮೊದಲೇ ಬಿಟ್ಟರೆ ಹಗುರ ಟೆಂಟ್ ಸಾಕಾಗುತ್ತದೆ.

ಇನ್ನೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಗಾಡಿ ಒಟ್ಟು ಎಷ್ಟು ಹೊರಬಹುದು ಅನ್ನುವುದು ಅದರಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಏಳು ಜನ, ಅವರ ಬ್ಯಾಗು, ನೀರಿನ ಕ್ಯಾನು, ಅಡುಗೆ ಸಾಮಾನು, ಮೇಲೆ 71 ಕೆಜಿ, ಇದೆಲ್ಲ ಸೇರಿ ಆ ಮಿತಿಯೊಳಗಿರಬೇಕು. ಟೈರಿನ ಗಾಳಿಯನ್ನೂ ಪೂರ್ತಿ ಲೋಡಿಗೆ ಹೇಳಿದಷ್ಟೇ ಇಡಬೇಕು.

ಬಾಗಿಲುಗಳು

ಟೆಂಟ್ ಕೊಳ್ಳುವ ಮೊದಲು ಒಂದು ಸುಲಭದ ಕೆಲಸ ಮಾಡಿ. ರಟ್ಟಿನ ಡಬ್ಬಗಳನ್ನು ಬಿಚ್ಚಿ ಅಂಟಿಸಿ, ಮುಚ್ಚಿದ ಟೆಂಟಿನ ಉದ್ದ, ಅಗಲ, ಎತ್ತರಕ್ಕೆ ಸರಿಯಾಗಿ ಒಂದು ಪೆಟ್ಟಿಗೆ ಮಾಡಿ. ಬಾರ್ ಬರುವ ಎತ್ತರಕ್ಕೆ ಏನಾದರೂ ಕೊಟ್ಟು ಅದನ್ನು ರೂಫಿನ ಮೇಲಿಡಿ. ಆಮೇಲೆ ಹಿಂಬಾಗಿಲನ್ನು ಕೈಯಲ್ಲೇ ನಿಧಾನವಾಗಿ ಪೂರ್ತಿ ಎತ್ತಿ. ಎಷ್ಟೋ ವ್ಯಾನ್‌ಗಳಲ್ಲಿ ಬಾಗಿಲಿನ ಮೇಲಂಚು ರೂಫಿಗಿಂತ ಮೇಲೆದ್ದು ಸ್ವಲ್ಪ ಮುಂದಕ್ಕೆ ಬರುತ್ತದೆ. ಪೆಟ್ಟಿಗೆಗೆ ತಾಗಿದರೆ ಟೆಂಟ್ ಇನ್ನಷ್ಟು ಮುಂದೆ ಕೂರಬೇಕು ಅಂತ ಅರ್ಥ. ಮುಂದೆ ಜಾಗ ಇದೆಯಾ, ಆಂಟೆನಾ ತಾಗುತ್ತದಾ, ಸನ್‌ರೂಫ್ ಮೇಲಕ್ಕೆ ಏಳುವ ಬಗೆಯದಾ, ಎಲ್ಲವನ್ನೂ ಈಗಲೇ ನೋಡಿಬಿಡಿ. ರಟ್ಟು ತಾಗಿದರೆ ಗಾಡಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ತಾಗಿದರೆ ಬಾಗಿಲು ನುಗ್ಗಾಗುತ್ತದೆ.

ಬಟನ್ ಒತ್ತಿದರೆ ತಾನೇ ಏಳುವ ಹಿಂಬಾಗಿಲಾದರೆ ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ಹೊಂದಿಸುವ ವ್ಯವಸ್ಥೆ ಹಲವು ಗಾಡಿಗಳಲ್ಲಿದೆ. ಟೆಂಟಿಗೆ ತಾಗದ ಎತ್ತರಕ್ಕೆ ಹೊಂದಿಸಿ. ಜೇಬಿನಲ್ಲಿರುವ ಕೀ ಯಾವಾಗ ಒತ್ತಿಹೋಗುತ್ತದೋ ಹೇಳಲಾಗದು.

ಪಕ್ಕದ ಜಾರುಬಾಗಿಲಿನದು ಬೇರೆ ಕಥೆ. ಅದು ಮೊದಲು ಸ್ವಲ್ಪ ಹೊರಕ್ಕೆ ಬಂದು ಆಮೇಲೆ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಎರಡು ಕಡೆ ತೊಂದರೆ ಬರಬಹುದು. ಒಂದು, ರೂಫ್ ರೇಲ್ ಇಲ್ಲದ ಗಾಡಿಯಲ್ಲಿ ಬಾರಿನ ಕಾಲು ಬಾಗಿಲಿನ ಚೌಕಟ್ಟನ್ನೇ ಹಿಡಿದುಕೊಳ್ಳುತ್ತದೆ. ಜಾರುಬಾಗಿಲು ಓಡುವ ದಾರಿಗೆ ಆ ಹಿಡಿತ ಅಡ್ಡ ಬರಬಾರದು. ನಿಮ್ಮದೇ ಮಾಡೆಲ್‌ಗೆ ಅಂತ ಮಾಡಿದ ಫಿಟ್ಟಿಂಗ್ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎರಡು, ಏಣಿ. ಟೆಂಟ್ ಪಕ್ಕಕ್ಕೆ ಬಿಚ್ಚಿಕೊಳ್ಳುವಂಥದ್ದಾದರೆ ಅದರ ಅರ್ಧ ಭಾಗ ಗಾಡಿಯ ಹೊರಗೆ ಚಾಚುತ್ತದೆ, ಆ ಅರ್ಧದ ಭಾರ ನಿಲ್ಲುವುದೇ ಏಣಿಯ ಮೇಲೆ. ಜಾರುಬಾಗಿಲು ಹೊರಕ್ಕೆ ಬಂದು ಏಣಿಯನ್ನು ತಳ್ಳಿದರೆ ಮೇಲಿರುವವರ ಗತಿ ಯೋಚಿಸಿ. ಆದ್ದರಿಂದ ಏಣಿ ಎಲ್ಲಿ ಇಳಿಯುತ್ತದೆ, ಬಾಗಿಲು ಎಲ್ಲಿವರೆಗೆ ಬರುತ್ತದೆ, ಎರಡನ್ನೂ ಅಳತೆ ಮಾಡಿ. ವಿದ್ಯುತ್ ಬಾಗಿಲಾದರೆ ಅದನ್ನು ಬಂದ್ ಮಾಡುವ ಸ್ವಿಚ್ ಹೆಚ್ಚಿನ ಗಾಡಿಗಳಲ್ಲಿ ಇರುತ್ತದೆ. ಟೆಂಟ್ ಬಿಚ್ಚಿದ ಕೂಡಲೇ ಅದನ್ನು ಒತ್ತುವುದು ನಮ್ಮ ಮನೆಯಲ್ಲಿ ಕಡ್ಡಾಯ.

ಬಾರ್ ಕೂರಿಸುವುದು

ಮೊದಲು ಬಾರಿನ ಕಾಲು ಕೂರುವ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸಣ್ಣ ಮರಳು ಉಳಿದರೂ ಬಣ್ಣ ಕೆರೆಯುತ್ತದೆ, ಹಿಡಿತವೂ ಜಾರುತ್ತದೆ. ಎರಡು ಬಾರ್‌ಗಳ ನಡುವೆ ಎಷ್ಟು ಅಂತರ ಬೇಕು ಅಂತ ಟೆಂಟಿನ ಪುಸ್ತಕದಲ್ಲಿ ಇರುತ್ತದೆ. ರೂಫಿನ ಮೇಲೆ ಎಲ್ಲೆಲ್ಲಿ ಬಾರ್ ಇಡಬಹುದು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಎರಡೂ ಹೊಂದಬೇಕು. ಬಾರ್‌ಗಳು ತೀರಾ ಹತ್ತಿರ ಇದ್ದರೆ ಟೆಂಟ್ ಹಿಂದೆ ಮುಂದೆ ತೂಗಾಡುತ್ತದೆ, ಒಂದೊಂದು ಕಾಲಿನ ಮೇಲೂ ಭಾರ ಏರಿಳಿಯುತ್ತದೆ.

ಎಡಗಡೆಯ ಅಂತರ, ಬಲಗಡೆಯ ಅಂತರ ಟೇಪಿನಲ್ಲಿ ಅಳೆಯಿರಿ. ಮೂಲೆಯಿಂದ ಮೂಲೆಗೂ ಅಳೆಯಿರಿ. ಎರಡು ಓರೆ ಅಳತೆಗಳು ಸಮ ಬಂದರೆ ಬಾರ್ ನೆಟ್ಟಗಿದೆ. ಅರ್ಧ ಸೆಂಟಿಮೀಟರ್ ಸೊಟ್ಟಗಿದ್ದರೂ ಆಮೇಲೆ ಟೆಂಟಿನ ಬೋಲ್ಟು ಕೂರುವಾಗ ಗೊತ್ತಾಗುತ್ತದೆ. ಬಿಗಿಯುವಾಗ ಒಂದು ಕಡೆಯನ್ನೇ ಪೂರ್ತಿ ಬಿಗಿಯಬೇಡಿ. ಸ್ವಲ್ಪ ಎಡ, ಸ್ವಲ್ಪ ಬಲ, ಹೀಗೆ ಸರದಿಯಲ್ಲಿ ಬಿಗಿಯುತ್ತಾ ಬನ್ನಿ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಬೇಕು, ಇಲ್ಲವೇ ಬಾರಿನ ಜೊತೆ ಬಂದ, ಸಾಕಾದಾಗ ಟಕ್ ಅನ್ನುವ ಕೀಲಿ ಬೇಕು. ಕಡಿಮೆಯಾದರೆ ಬಾರ್ ಸಡಿಲ. ಜಾಸ್ತಿಯಾದರೆ ರೇಲ್ ನುಗ್ಗಾಗುತ್ತದೆ, ಬೋಲ್ಟಿನ ಮರೆ (ಥ್ರೆಡ್) ಕೆಡುತ್ತದೆ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಎತ್ತುವ ದಿನ

60 ಕೆಜಿ ಅಂದರೆ ಒಬ್ಬ ಮನುಷ್ಯನ ತೂಕ. ಅದನ್ನು ನೆಲದಿಂದ ಸುಮಾರು 1.8 ಮೀಟರ್ ಮೇಲಕ್ಕೆ ಏರಿಸಬೇಕು. ಇಬ್ಬರಲ್ಲಿ ಮುಗಿಸುತ್ತೇವೆ ಅನ್ನುವವರಿದ್ದಾರೆ. ನಾಲ್ಕು ಜನ ಇರಲಿ. ಗಾಳಿ ಇಲ್ಲದ ದಿನ ನೋಡಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಲುಗಾಡದ ಅಗಲ ಮೆಟ್ಟಿಲಿನ ಸ್ಟೂಲ್ ಎರಡಾದರೂ ಬೇಕು. ಬಾಗಿಲಿನ ಅಂಚಿನ ಮೇಲೆ ಒಂದು ಕಾಲು, ಟೈರಿನ ಮೇಲೆ ಇನ್ನೊಂದು ಕಾಲು ಇಟ್ಟು ಎತ್ತಲು ಹೋಗಬೇಡಿ.

ಏಣಿ ಮತ್ತು ಹಾಸಿಗೆ ಬಿಚ್ಚಿ ತೆಗೆಯಲು ಬಂದರೆ ತೆಗೆದುಬಿಡಿ, ಅಷ್ಟು ಹಗುರ. ರೂಫಿನ ಮೇಲೆ ಮತ್ತು ಬದಿಯ ಮೇಲೆ ದಪ್ಪ ಕಂಬಳಿ ಹೊದಿಸಿ. ಹಿಂದಿನಿಂದ ಅಥವಾ ಪಕ್ಕದಿಂದ ಟೆಂಟಿನ ಒಂದು ತುದಿಯನ್ನು ಮೊದಲು ಬಾರಿನ ಮೇಲೆ ಒರಗಿಸಿ, ಆಮೇಲೆ ಇನ್ನೊಂದು ತುದಿ ಎತ್ತಿ ನಿಧಾನವಾಗಿ ಒಳಕ್ಕೆ ತಳ್ಳಿ. ಹಿಂದಿನಿಂದ ಏರಿಸುವುದಾದರೆ ಹಿಂಬಾಗಿಲಿನ ಗಾಜಿನ ಮೇಲೆ ಮತ್ತು ಸ್ಪಾಯ್ಲರ್ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಯಾರಾದರೂ ಒಬ್ಬರೇ ಹೇಳುವವರು ಇರಬೇಕು. "ಎತ್ತಿ", "ನಿಲ್ಲಿ", "ಇಳಿಸಿ" ಅನ್ನುವುದನ್ನು ಅವರೊಬ್ಬರೇ ಹೇಳಲಿ. ನಾಲ್ಕು ಜನ ನಾಲ್ಕು ಮಾತು ಹೇಳಿದಾಗಲೇ ಬೆರಳು ಸಿಕ್ಕಿಕೊಳ್ಳುವುದು.

ದಿಕ್ಕು ಸರಿಯಿದೆಯಾ ನೋಡಿ. ಕಪ್ಪೆಚಿಪ್ಪಿನ ಹಾಗೆ ಒಂದೇ ಕಡೆ ಬಾಯಿ ತೆರೆಯುವ ಗಟ್ಟಿ ಟೆಂಟಾದರೆ ಹಿಂಜ್ ಗಾಡಿಯ ಮುಂದಕ್ಕೆ ಇರಬೇಕು. ಓಡುವಾಗ ಲಾಚ್ ಬಿಚ್ಚಿದರೂ ಗಾಳಿ ಮುಚ್ಚಳವನ್ನು ಒತ್ತುತ್ತದೆ, ಎತ್ತುವುದಿಲ್ಲ. ಪಕ್ಕಕ್ಕೆ ಬಿಚ್ಚುವ ಟೆಂಟಾದರೆ ಏಣಿಯ ಬದಿ ರಸ್ತೆಯ ಕಡೆಗೆ ಬರದ ಹಾಗೆ, ಗಾಡಿಗಳು ಓಡಾಡುವ ಬದಿಗೆ ಎದುರಾದ ಬದಿಯಲ್ಲಿ ಇರಲಿ.

ಬೋಲ್ಟು ಬಿಗಿಯುವ ಹೊತ್ತು

ಹೆಚ್ಚಿನ ಟೆಂಟುಗಳ ತಳದಲ್ಲಿ ಉದ್ದಕ್ಕೆ ಎರಡು ಅಲ್ಯೂಮಿನಿಯಂ ಚಾನಲ್ ಇರುತ್ತವೆ. ಬೋಲ್ಟಿನ ತಲೆ ಅದರೊಳಗೆ ಜಾರುತ್ತದೆ. ಬೋಲ್ಟು ಬಾರಿನ ಎರಡೂ ಬದಿಯಲ್ಲಿ ಇಳಿಯುತ್ತದೆ, ಕೆಳಗೆ ಒಂದು ಪಟ್ಟಿ, ವಾಷರ್, ನಟ್ಟು. ಎರಡು ಚಾನಲ್, ಎರಡು ಬಾರ್, ಅಂದರೆ ಹಿಡಿತ ನಾಲ್ಕು ಕಡೆ. ನಾಲ್ಕನ್ನೂ ಮೊದಲು ಬೆರಳಲ್ಲಿ ತಿರುಗಿಸಿ ಹಿಡಿಸಿ. ಟೆಂಟ್ ಎಡಬಲಕ್ಕೆ ಸರಿಯಾಗಿ ನಡುವೆ ಇದೆಯಾ, ಹಿಂಬಾಗಿಲು ಇನ್ನೂ ಪೂರ್ತಿ ತೆರೆಯುತ್ತದಾ ನೋಡಿ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಸರದಿಯಲ್ಲಿ ಬಿಗಿಯಿರಿ. ಪುಸ್ತಕದಲ್ಲಿ ಕೊಟ್ಟಿರುವ ನ್ಯೂಟನ್ ಮೀಟರ್ (ಬಿಗಿತದ ಅಳತೆ) ಎಷ್ಟೋ ಅಷ್ಟಕ್ಕೆ ನಿಲ್ಲಿಸಿ.

ಒಳಗೆ ನೈಲಾನ್ ಬಳೆ ಇರುವ ನಟ್ಟು ಕೊಟ್ಟಿದ್ದರೆ ಅದನ್ನೇ ಬಳಸಿ, ನಡುಕಕ್ಕೆ ಅದು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಹಲವು ಸಲ ಹಾಕಿ ತೆಗೆದ ಮೇಲೆ ಅದರ ಹಿಡಿತ ಹೋಗುತ್ತದೆ, ಆಗ ಹೊಸದು ಹಾಕಿ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದಂತೆಯೇ ಜೋರಾಗಿ ತಿರುಗಿಸಿದರೆ ಎರಡೂ ಕಚ್ಚಿಕೊಂಡು ನಿಂತುಬಿಡುವುದುಂಟು. ನಿಧಾನವಾಗಿ ತಿರುಗಿಸಿ.

ಬಹಳ ಜನ ನೋಡದ ಒಂದು ವಿಷಯ ಇಲ್ಲಿದೆ. ನಟ್ಟಿನ ಕೆಳಗೆ ಬೋಲ್ಟಿನ ತುದಿ ಎಷ್ಟು ಉದ್ದ ಉಳಿದಿದೆ? ಅದಕ್ಕೂ ರೂಫಿಗೂ ನಡುವೆ ಎಷ್ಟು ಜಾಗ ಇದೆ? ರಾತ್ರಿ ಜನ ಮಲಗಿದಾಗ ಬಾರ್ ಕೆಲವು ಮಿಲಿಮೀಟರ್ ಬಾಗುತ್ತದೆ. ತುದಿ ರೂಫಿಗೆ ತಾಗುವಷ್ಟು ಹತ್ತಿರ ಇದ್ದರೆ ಬೆಳಿಗ್ಗೆ ತಗಡಿನಲ್ಲಿ ಗುಳಿ. ಗಿಡ್ಡ ಬೋಲ್ಟು ಹಾಕಿ, ಇಲ್ಲವೇ ಕಾಲು ಎತ್ತರವಿರುವ ಬಾರ್ ತೆಗೆದುಕೊಳ್ಳಿ.

ಈಗ ಅಲುಗಾಡಿಸುವ ಪರೀಕ್ಷೆ. ಟೆಂಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಜೋರಾಗಿ ಜಗ್ಗಿ. ಗಾಡಿಯೇ ಅದರ ಸ್ಪ್ರಿಂಗಿನ ಮೇಲೆ ಅಲ್ಲಾಡಿದರೆ ಸರಿ. ಗಾಡಿ ಸುಮ್ನೆ ನಿಂತು ಟೆಂಟ್ ಮಾತ್ರ ಅಲ್ಲಾಡಿದರೆ ಎಲ್ಲೋ ಸಡಿಲ ಇದೆ. ಟೆಂಟ್ ಬಾರಿನ ಮೇಲೆ ಅಲ್ಲಾಡುತ್ತಿದೆಯಾ, ಬಾರ್ ರೂಫಿನ ಮೇಲೆ ಅಲ್ಲಾಡುತ್ತಿದೆಯಾ ಅಂತ ಇನ್ನೊಬ್ಬರು ಕಣ್ಣಿಟ್ಟು ನೋಡಲಿ. ಎಲ್ಲ ಸರಿ ಅನ್ನಿಸಿದ ಮೇಲೆ ಪ್ರತಿ ನಟ್ಟಿನಿಂದ ಪಕ್ಕದ ಪಟ್ಟಿಯವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಮುಂದೆ ಪ್ರತಿ ಬೆಳಿಗ್ಗೆ ಪಾನಾ ತೆಗೆಯದೆಯೇ ಒಂದು ನಿಮಿಷದಲ್ಲಿ ನೋಡಿಕೊಳ್ಳಬಹುದು.

ಮೊದಲ ಓಟ

ಮಕ್ಕಳನ್ನು ಕೂರಿಸಿಕೊಂಡು ನೇರ ಪ್ರವಾಸಕ್ಕೆ ಹೊರಡಬೇಡಿ. ಮೊದಲು ಒಬ್ಬರೇ ಹತ್ತು ಕಿಲೋಮೀಟರ್ ಓಡಿಸಿ ಬಂದು ನಟ್ಟು ನೋಡಿ. ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿ. ಹೊಸದಾಗಿ ಬಿಗಿದದ್ದು ಮೊದಲ ಕೆಲವು ಕಿಲೋಮೀಟರಿನಲ್ಲಿ ಕೂತುಕೊಳ್ಳುತ್ತದೆ, ರಬ್ಬರ್ ಒತ್ತಿಕೊಳ್ಳುತ್ತದೆ, ಆಗ ಬಿಗಿತ ಇಳಿಯುವುದು ಸಹಜ. ನಮ್ಮದರಲ್ಲಿ ಐವತ್ತು ಕಿಲೋಮೀಟರಿಗೆ ಹಿಂದಿನ ಬಲಗಡೆಯ ನಟ್ಟು ಕಾಲು ಸುತ್ತು ತಿರುಗಿತ್ತು. ಗೆರೆ ಎಳೆದಿದ್ದರಿಂದ ಕಣ್ಣಿಗೆ ಬಿತ್ತು. ಮತ್ತೆ ಬಿಗಿದ ಮೇಲೆ ಅದು ಅಲುಗಲಿಲ್ಲ.

ಗಾಡಿಯ ಎತ್ತರವನ್ನು ನೆಲದಿಂದ ಟೆಂಟಿನ ನೆತ್ತಿವರೆಗೆ ಅಳೆದು, ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿನ ಎದುರಿಗೇ ಅಂಟಿಸಿ. 1.75 ಮೀಟರಿನ ವ್ಯಾನ್ ಬಾರ್ ಮತ್ತು ಟೆಂಟ್ ಸೇರಿ ಸುಲಭವಾಗಿ 2.1 ಮೀಟರ್ ದಾಟುತ್ತದೆ. ನೆಲಮಾಳಿಗೆಯ ಪಾರ್ಕಿಂಗುಗಳ ಎತ್ತರ ಎಷ್ಟೋ ಕಡೆ 2 ಮೀಟರಿನ ಹತ್ತಿರ ಇರುತ್ತದೆ. ಮನೆಯ ಗ್ಯಾರೇಜನ್ನೂ ಅಳೆಯಿರಿ. ದಿನಾ ಒಳಗೆ ಹೋಗುತ್ತಿದ್ದ ಬಾಗಿಲಲ್ಲೇ ಜನ ಮರೆತು ನುಗ್ಗುವುದು.

ಓಡಿಸುವ ರೀತಿಯೂ ಬದಲಾಗಬೇಕು. ತೂಕ ತಲೆಯ ಮೇಲೆ ಏರಿದೆ, ಹಾಗಾಗಿ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಅಡ್ಡಗಾಳಿ ಬೀಸಿದರೆ ಪಕ್ಕಕ್ಕೆ ತಳ್ಳಿದ ಹಾಗಾಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ಅದು ಹತ್ತಿರ ಹತ್ತಿರ ಎರಡು ಪಟ್ಟು. ಟೆಂಟಿನ ಪುಸ್ತಕದಲ್ಲಿ ಹೆಚ್ಚೆಂದರೆ ಇಷ್ಟು ವೇಗ ಅಂತ ಬರೆದಿದ್ದರೂ ನಾನು 90 ದಾಟುವುದಿಲ್ಲ. ಕಚ್ಚಾ ರಸ್ತೆಗೆ ಕೆಲವು ಬಾರ್ ಕಂಪನಿಗಳು ಬೇರೆಯೇ, ಕಡಿಮೆ ಮಿತಿ ಕೊಡುತ್ತವೆ. ಅದನ್ನೂ ನೋಡಿಕೊಳ್ಳಿ. ಓಡುವಾಗ ಸೀಟಿಯಂತೆ ಸದ್ದು ಬಂದರೆ ಪಟ್ಟಿಯೋ ಹೊದಿಕೆಯ ಅಂಚೋ ಸಡಿಲವಾಗಿರಬಹುದು. ಡಬ್ ಡಬ್ ಅಂತ ಬಡಿದರೆ ಮಾತ್ರ ಕೂಡಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಇಳಿದು ನೋಡಿ.

ಬಿಚ್ಚಿ ಮಲಗುವಾಗ

ಸಮತಟ್ಟಾದ ನೆಲ ಸಿಗದಿದ್ದರೆ ಚಕ್ರದ ಕೆಳಗೆ ಇಡುವ ಹಲಗೆಗಳಿಂದ ಮಟ್ಟ ಮಾಡಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯಾ ನೋಡಿ. ಏಣಿಯ ಪ್ರತಿ ಮೆಟ್ಟಿಲಿನ ಲಾಕು ಕ್ಲಿಕ್ ಅನ್ನುವುದನ್ನು ಕಿವಿಯಲ್ಲಿ ಕೇಳಿ, ಕಣ್ಣಲ್ಲೂ ನೋಡಿ. ಏಣಿ ಸುಮಾರು 70ರಿಂದ 75 ಡಿಗ್ರಿ ಓರೆಯಲ್ಲಿ ನಿಲ್ಲಬೇಕು. ತೀರಾ ನೆಟ್ಟಗಾದರೆ ಹತ್ತುವವರು ಹಿಂದಕ್ಕೆ ವಾಲುತ್ತಾರೆ, ತೀರಾ ಓರೆಯಾದರೆ ಬುಡ ಜಾರುತ್ತದೆ. ವ್ಯಾನಿನ ಎತ್ತರಕ್ಕೆ ಏಣಿಯ ಉದ್ದ ಸಾಕಾಗುತ್ತದಾ ಅಂತ ಮನೆಯಲ್ಲೇ ನೋಡಿಕೊಂಡಿರಿ. ಹತ್ತುವಾಗ ಇಳಿಯುವಾಗ ಮುಖ ಏಣಿಯ ಕಡೆಗೇ ಇರಲಿ. ಮಕ್ಕಳು ಒಳಬದಿಯಲ್ಲಿ, ದೊಡ್ಡವರು ಏಣಿಯ ಬದಿಯಲ್ಲಿ ಮಲಗಬೇಕು. ನಿದ್ದೆಗಣ್ಣಲ್ಲಿ ಎದ್ದು ಹೋಗುವ ಅಭ್ಯಾಸ ಇರುವ ಮಗುವಾದರೆ ಅದು ಕೆಳಗೆ ವ್ಯಾನಿನಲ್ಲೇ ಮಲಗಲಿ.

ಟೆಂಟಿನೊಳಗೆ ಒಲೆ, ಗ್ಯಾಸ್ ಹೀಟರ್, ಕೆಂಡ ಏನೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗೆ ಅಂತ ಕೆಳಗೆ ಎಂಜಿನ್ ಓಡಿಸಿ ಬಿಡುವುದೂ ಅಷ್ಟೇ ಅಪಾಯ. ಎಷ್ಟೇ ಚಳಿಯಿದ್ದರೂ ಎರಡು ಕಿಟಕಿ ಸ್ವಲ್ಪ ತೆರೆದಿರಲಿ. ಗುಡುಗು ಸಿಡಿಲು ಶುರುವಾದರೆ, ಗಾಳಿ ಜೋರಾದರೆ, ಎಲ್ಲರೂ ಇಳಿದು ವ್ಯಾನಿನೊಳಗೆ ಬಂದು ಬಾಗಿಲು ಮುಚ್ಚಿಕೊಳ್ಳಿ. ಲೋಹದ ಮುಚ್ಚಿದ ಗಾಡಿ ಬಟ್ಟೆಯ ಟೆಂಟಿಗಿಂತ ಎಷ್ಟೋ ಸುರಕ್ಷಿತ.

ಬೆಳಿಗ್ಗೆ ಮಡಚುವಾಗ ಒಳಗೆ ಯಾರೂ ಇಲ್ಲ, ಏನೂ ಉಳಿದಿಲ್ಲ ಅಂತ ನೋಡಿ. ಲಾಚ್‌ಗಳನ್ನು ಒಬ್ಬರು ಹಾಕಲಿ, ಇನ್ನೊಬ್ಬರು ಸುತ್ತ ಬಂದು ಎಳೆದು ನೋಡಲಿ. ನೇತಾಡುವ ಪಟ್ಟಿಗಳನ್ನು ಕಟ್ಟಿ. ಬಾಗಿಲಿನ ಸ್ವಿಚ್ ಮತ್ತೆ ಆನ್ ಮಾಡಿ. ಹಾಸಿಗೆ ವ್ಯಾನಿನೊಳಗೆ. ಬಟ್ಟೆ ಒದ್ದೆಯಾಗಿಯೇ ಮಡಚಬೇಕಾಗಿ ಬಂದರೆ ಒಂದೆರಡು ದಿನದೊಳಗೆ ಬಿಚ್ಚಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಹೊಲಿಗೆಯೇ ಹೋಗುತ್ತದೆ.

ಪ್ರವಾಸ ಇಲ್ಲದ ತಿಂಗಳುಗಳಲ್ಲಿ ಟೆಂಟನ್ನು ಇಳಿಸಿಡಿ. ಅದೇ ನಾಲ್ಕು ಜನ, ಅದೇ ಕಂಬಳಿ. ಬಿಚ್ಚಿದ ಬೋಲ್ಟು, ನಟ್ಟು, ಪಟ್ಟಿ, ಕೀಲಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಟೆಂಟಿಗೇ ಕಟ್ಟಿ. ಬಾರಿನ ಕಾಲಿನ ಕೆಳಗೆ ಬಣ್ಣ ಸವೆದಿದೆಯಾ, ರೇಲ್‌ನಲ್ಲಿ ಬಿರುಕಿದೆಯಾ, ರೂಫ್ ಎಲ್ಲಾದರೂ ತಗ್ಗಾಗಿದೆಯಾ ಅಂತ ಬೆಳಕಿನಲ್ಲಿ ನೋಡಿ. ಬಿರುಕು ಕಂಡರೆ ಆ ಬಾರನ್ನು ಮತ್ತೆ ಹಾಕಬೇಡಿ.